ಅಟೆಂಡೆನ್ಸ್‌ಗೂ ಒಂದು ಪದಕ

ನಮ್ಮ ಸೋದರಮಾವ ಸೇನೆಯಲ್ಲಿ 24 ವರ್ಷ ದುಡಿದು ಹವಾಲ್ದಾರ್ ಆಗಿ ನಿವೃತ್ತರಾದವರು. ಕಳೆದ ರಜೆಯಲ್ಲಿ ಅವರ ಬೀರುವಿನಲ್ಲಿದ್ದ ಪದಕಗಳನ್ನು ನೋಡ್ತಾ "ಇವು ಯಾವ ಯುದ್ಧಕ್ಕೆ ಕೊಟ್ಟಿದ್ದು ಮಾವ?" ಅಂತ ಕೇಳಿದೆ. "ಯುದ್ಧಕ್ಕಲ್ಲ. ಇದು 9 ವರ್ಷ ಸೇವೆಗೆ, ಇದು 20 ವರ್ಷಕ್ಕೆ" ಅಂದ್ರು. "ಓ, ಅಟೆಂಡೆನ್ಸ್ ಪದಕ!" ಅಂತ ನಕ್ಕುಬಿಟ್ಟೆ. ಮಾವ ಏನೂ ಅನ್ನಲಿಲ್ಲ. ಪದಕ ಒರೆಸಿ ವಾಪಸ್ ಡಬ್ಬಿಗೆ ಹಾಕಿದ್ರು. ಆ ಮೌನ ಇನ್ನೂ ಚುಚ್ಚುತ್ತಾ ಇದೆ.

ಅಟೆಂಡೆನ್ಸ್ ಶಾರ್ಟೇಜ್ ಅಂತ ಸೆಮಿಸ್ಟರ್‌ಗೊಮ್ಮೆ ಎಚ್‌ಓಡಿ ಬಾಗಿಲಲ್ಲಿ ನಿಲ್ಲೋ ನಮಗೆ ಆ ಮಾತು ಆಡೋ ಹಕ್ಕಿದೆಯಾ?

ನಮ್ಮ ಸೇನೆಯಲ್ಲಿ 9, 20 ಮತ್ತು 30 ವರ್ಷ ಪೂರೈಸಿದವರಿಗೆ ದೀರ್ಘ ಸೇವಾ ಪದಕ ಕೊಡ್ತಾರೆ. ಸಿಪಾಯಿಗೂ ಅದೇ, ಅಧಿಕಾರಿಗೂ ಅದೇ. ಈ ಯೋಚನೆ ಹಳೆಯದು. ಬ್ರಿಟನ್‌ನಲ್ಲಿ 1830ರಲ್ಲೇ ಸೈನಿಕರಿಗೆ ದೀರ್ಘ ಸೇವೆ ಮತ್ತು ಸನ್ನಡತೆಯ ಪದಕ ಶುರುವಾಯ್ತು. ಕಾಲಾಳು 21 ವರ್ಷ, ಅಶ್ವದಳದವನು 24 ವರ್ಷ ಕಾಯಬೇಕಿತ್ತು. ಅಲ್ಲಿ 1951ರಲ್ಲಿ ಪೊಲೀಸರಿಗೂ, 1954ರಲ್ಲಿ ಅಗ್ನಿಶಾಮಕದವರಿಗೂ ಇಂಥದ್ದೇ ಪದಕ ಬಂತು.

ಶೌರ್ಯ ಪದಕಕ್ಕೂ ಇದಕ್ಕೂ ಏನು ವ್ಯತ್ಯಾಸ? ನಮ್ಮ ಲ್ಯಾಬ್ ಭಾಷೆಯಲ್ಲೇ ಹೇಳ್ತೀನಿ. ಟೆನ್ಸೈಲ್ ಟೆಸ್ಟ್‌ನಲ್ಲಿ ಒಂದೇ ಸಲ ಜೋರಾಗಿ ಎಳೆದು, ಎಲ್ಲಿ ಮುರಿಯುತ್ತೆ ನೋಡ್ತೀವಿ. ಫಟೀಗ್ ಟೆಸ್ಟ್‌ನಲ್ಲಿ ಸಣ್ಣ ಲೋಡನ್ನೇ ಲಕ್ಷಾಂತರ ಸಲ ಕೊಡ್ತೀವಿ. ಯೀಲ್ಡ್ ಸ್ಟ್ರೆಂತ್‌ಗಿಂತ ಕಡಿಮೆ ಲೋಡ್ ಆದ್ರೂ ಸರಿ, ಎಲ್ಲೋ ಒಂದು ಬಿರುಕು ಹುಟ್ಟಿ, ಬೆಳೆದು, ಶಾಫ್ಟ್ ಮುರಿಯುತ್ತೆ. ಶೌರ್ಯ ಪದಕ ಮೊದಲನೆಯದರ ಫಲಿತಾಂಶ, ದೀರ್ಘ ಸೇವಾ ಪದಕ ಎರಡನೆಯದರದ್ದು. ತಪ್ಪಿಹೋದ ಹಬ್ಬಗಳು, ರಾತ್ರಿ ಪಾಳಿಗಳು, ಏನೂ ನಡೆಯದ ದಿನವೂ ಎಚ್ಚರವಾಗಿರೋದು, ಇವೆಲ್ಲ ಸಣ್ಣ ಲೋಡುಗಳೇ. 20 ವರ್ಷ ಬಿರುಕು ಬಿಡದೆ ತಡೆದುಕೊಳ್ಳೋದು ಸಣ್ಣ ವಿಷಯ ಅಲ್ಲ.

ನಮ್ಮ ಪೊಲೀಸರಿಗೆ, ಅಗ್ನಿಶಾಮಕದವರಿಗೆ ಜನವರಿ 26 ಮತ್ತು ಆಗಸ್ಟ್ 15ಕ್ಕೆ ರಾಷ್ಟ್ರಪತಿ ಪದಕಗಳು ಘೋಷಣೆಯಾಗ್ತವೆ. ಅವು ಆಯ್ಕೆ ಮಾಡಿ ಕೊಡೋ ಪದಕಗಳು, ಪಟ್ಟಿ ಚಿಕ್ಕದು. ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಆಚರಿಸ್ತೀವಿ. 1944ರ ಅದೇ ದಿನ ಮುಂಬೈ ಬಂದರಿನ ಹಡಗು ಸ್ಫೋಟದಲ್ಲಿ ಬೆಂಕಿ ಆರಿಸಲು ಹೋದ 66 ಸಿಬ್ಬಂದಿ ಸತ್ತರು. ಸತ್ತವರನ್ನು ನೆನೆಯೋದು ಸರಿ. ಆದ್ರೆ 101ಕ್ಕೆ ಬಂದ ಪ್ರತಿ ಕರೆಗೂ ಓಡಿ, ಬದುಕಿ ಮರಳಿ ಬಂದು, 20 ವರ್ಷ ಮುಗಿಸಿದವರಿಗೆ? ಸೇನೆಯಂತೆ ವರ್ಷದ ಲೆಕ್ಕಕ್ಕೇ, ಯಾರ ಶಿಫಾರಸೂ ಬೇಡದೆ, ಅವರೆಲ್ಲರಿಗೂ ಒಂದು ಪದಕ ಸಿಗಬೇಕು ಅನ್ನೋದು ನನ್ನ ವಾದ.

"ಕುರ್ಚಿ ಬಿಸಿ ಮಾಡಿದವನಿಗೂ ಸಿಗುತ್ತಲ್ಲ?" ಅಂತ ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಅದಕ್ಕೇ 1830ರಲ್ಲೇ "ಸನ್ನಡತೆ" ಅನ್ನೋ ಷರತ್ತು ಹಾಕಿದ್ದು. ಲಂಚ, ದೌರ್ಜನ್ಯ ಸಾಬೀತಾದವರಿಗೆ ಕೊಡಬೇಡಿ. ಆದ್ರೆ ಕೆಲವರು ಸೋಮಾರಿಗಳು ಅಂತ ಉಳಿದವರ ಎರಡು ದಶಕವನ್ನು ಲೆಕ್ಕಕ್ಕೇ ತಗೊಳ್ಳದಿರೋದು ಯಾವ ನ್ಯಾಯ?

ಮುಂದಿನ ಸಲ ಕ್ಯಾಂಪಸ್‌ಗೆ ಮಾಕ್ ಡ್ರಿಲ್‌ಗೆ ಫೈರ್ ಎಂಜಿನ್ ಬಂದಾಗ ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ. ಜೊತೆಗೆ "ಎಷ್ಟು ವರ್ಷ ಆಯ್ತು ಸಾರ್ ಸರ್ವಿಸ್?" ಅಂತಾನೂ ಕೇಳಿ. ನಾನಂತೂ ಊರಿಗೆ ಹೋದ ತಕ್ಷಣ ಮಾವನ ಹತ್ರ ಆ ಡಬ್ಬಿ ಇನ್ನೊಮ್ಮೆ ತೆಗೆಸ್ಬೇಕು. ಈ ಸಲ ನಗೋಕಲ್ಲ, ಕೇಳೋಕೆ.