ತುಂಬೆಯ ನೀರೂ ಕೊನೆಯ ಮನೆಯೂ

ಮಣ್ಣಗುಡ್ಡದ ಮನೆಯೊಂದರಲ್ಲಿ ನಳ ತಿರುಗಿಸಿದಾಗ ಬೀಳುವ ನೀರು ನೇತ್ರಾವತಿಯದು. ನಗರದ ಪೂರ್ವಕ್ಕೆ, ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ ಅದನ್ನು ಯಂತ್ರಗಳು ಮೇಲೆತ್ತುತ್ತವೆ. ಶುದ್ಧೀಕರಣಗೊಂಡು, ಎತ್ತರದ ಜಲಸಂಗ್ರಹಾಗಾರಗಳನ್ನು ಸೇರಿ, ಕವಲೊಡೆಯುತ್ತ ಅದು ಬೀದಿಬೀದಿಗೆ ಇಳಿಯುತ್ತದೆ. ನಾಲ್ಕು ತಿಂಗಳು ಮಳೆ ಸುರಿಯುವ ಊರಿನಲ್ಲಿ ನೀರು ಹಂಚುವ ಚಿಂತೆಯೇಕೆಂದು ಘಟ್ಟದ ಮೇಲಿನವರು ಕೇಳುವುದುಂಟು. 2016, 2019 ಮತ್ತು 2023ರ ಬೇಸಗೆಗಳೇ ಅದಕ್ಕೆ ಉತ್ತರ. ನದಿಯ ಹರಿವು ಕ್ಷೀಣಿಸಿ, ಆ ವರ್ಷಗಳಲ್ಲಿ ನಗರಕ್ಕೆ ನೀರನ್ನು ಸರದಿಯ ಮೇಲೆ ಬಿಡಬೇಕಾಯಿತು.

ಸರದಿಯೆಂದರೆ ಸಮಪಾಲೆಂದು ಭಾವಿಸುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ನಿಲ್ಲಿಸಿದ ನೀರನ್ನು ಮತ್ತೆ ಬಿಟ್ಟಾಗ ಮೊದಲು ಖಾಲಿ ಕೊಳವೆ ತುಂಬಬೇಕು, ಒಳಗಿನ ಗಾಳಿ ಹೊರಡಬೇಕು. ತಗ್ಗಿನ ಮನೆಗಳವರು, ನಾಳೆ ಬರುವುದೋ ಇಲ್ಲವೋ ಎಂಬ ಅಂಜಿಕೆಯಿಂದ, ತೊಟ್ಟಿ ಕೊಡಗಳನ್ನೆಲ್ಲ ತುಂಬಿಕೊಳ್ಳುತ್ತಾರೆ. ಅಷ್ಟು ಹೊತ್ತೂ ಕೊಳವೆಯಲ್ಲಿ ಒತ್ತಡ ಏರುವುದಿಲ್ಲ. ದಿಬ್ಬದ ಕೊನೆಯ ಮನೆಗೆ ನೀರು ತಲಪುವ ವೇಳೆಗೆ ಅವಧಿ ಮುಗಿದಿರುತ್ತದೆ. ಗಂಟೆಗಳು ಸಮವಾದರೂ ಕೊಡಗಳು ಸಮವಾಗವು.

ಜಾಲವೊಂದರಲ್ಲಿ ಹರಿಯಬಲ್ಲ ಗರಿಷ್ಠ ಪ್ರಮಾಣವು ಅದರ ಅತ್ಯಂತ ಇಕ್ಕಟ್ಟಾದ ಛೇದದ ಸಾಮರ್ಥ್ಯಕ್ಕೆ ಸಮವೆಂದು ಫೋರ್ಡ್ ಮತ್ತು ಫಲ್ಕರ್‌ಸನ್ ಎಂಬ ಅಮೆರಿಕದ ಗಣಿತಜ್ಞರು 1956ರಲ್ಲಿ ಪ್ರಕಟಿಸಿದರು. ಮುಖ್ಯ ಕೊಳವೆಯೇ ಕಿರಿದಾಗಿದ್ದರೆ ಬೀದಿಯ ಕೊಳವೆಯನ್ನು ಹಿಗ್ಗಿಸಿ ಫಲವಿಲ್ಲ. ಆದರೆ ಅದು ಸ್ಥಿರ ಜಾಲದ ಮಾತು. ನದಿ ತಗ್ಗುವ, ಕೊಳವೆ ಒಡೆಯುವ, ವಿದ್ಯುತ್ತು ನಿಲ್ಲುವ ಜಾಲಕ್ಕೆ ಬೇರೆ ವಿವೇಕ ಬೇಕು. ಅತಿ ಕಡಿಮೆ ವೆಚ್ಚದ ಮಾರ್ಗವನ್ನು ಹುಡುಕುವುದು ಅತ್ಯುತ್ತಮ ನಿಯಂತ್ರಣ. ಒಂದು ಮಾರ್ಗ ಕೆಟ್ಟರೂ ಹರಿವು ಕುಸಿಯದಂತೆ ನೋಡುವುದು ದೃಢ ನಿಯಂತ್ರಣ. ಎರಡನೆಯದಕ್ಕೆ ಸ್ವಲ್ಪ ಮಿಗತೆ ಬೇಕು. ಲೆಕ್ಕಪತ್ರದಲ್ಲಿ ಆ ಮಿಗತೆ ದುಂದಿನಂತೆ ತೋರುತ್ತದೆ.

ಹಿಂದಿನವರು ಆ ದುಂದನ್ನು ಸಂತೋಷದಿಂದಲೇ ಮಾಡಿದ್ದರು. ಮಂಗಳೂರಿನ ಹಳೆಯ ಹಿತ್ತಿಲುಗಳಲ್ಲಿ ಮುರಕಲ್ಲು ಕಡಿದು ತೋಡಿದ ಬಾವಿಗಳು ಎರಡನೆಯ ಮಾರ್ಗವಲ್ಲದೆ ಮತ್ತೇನು? ನಳ ಬಂದಿತೆಂದು ಬಾವಿ ಮುಚ್ಚುವುದು ಅವಿವೇಕವೇ ಸರಿ. ಕೋಲಾರ, ಬೆಂಗಳೂರು ಕಡೆಯ ಕೆರೆಗಳಲ್ಲಿ ನೀರಗಂಟಿಯು ಗದ್ದೆಯ ಮೇಲೆ ನಡೆದು, ನೀರನ್ನು ಕಣ್ಣಾರೆ ಕಂಡು, ತೂಬನ್ನು ಏರಿಸಿ ಇಳಿಸುತ್ತಿದ್ದನು. ಇಂದು ಬೀದಿಯ ಕವಾಟವನ್ನು ತಿರುಗಿಸುವವನಿಗೆ ವೇಳಾಪಟ್ಟಿ ಮಾತ್ರ ಸಿಕ್ಕರೆ ಸಾಲದು. ಕೊನೆಯ ಮನೆಯ ಒತ್ತಡವನ್ನು ತಿಳಿಸುವ ಮಾಪಕವೂ, ಅದಕ್ಕನುಗುಣವಾಗಿ ಅವಧಿಯನ್ನು ಹಿಗ್ಗಿಸುವ ಅಧಿಕಾರವೂ ಅವನಿಗೆ ದೊರೆಯಬೇಕು.

ಮಠದ ದಾಸೋಹದಲ್ಲಿ ಬಡಿಸಿದವರಿಗೆ ಇದು ಹೊಸದೇನಲ್ಲ. ಹಿಂದಿನ ಪಂಕ್ತಿಗೆ ಅನ್ನ ಸಾಲದೆ ಹೋಗುವಂತಿದ್ದರೆ ಬುದ್ಧಿವಂತನಾದ ಬಡಿಸುವವನು ಹಿಂದಿನಿಂದಲೇ ಆರಂಭಿಸುತ್ತಾನೆ. ನೀರಿನ ಸರದಿಯನ್ನೂ ಹಾಗೆ ತಿರುವಬಹುದು: ಒಂದು ಬಾರಿ ತಗ್ಗಿನ ಕವಾಟಗಳನ್ನು ತಡೆದು ಮೊದಲು ದಿಬ್ಬಕ್ಕೆ ಬಿಡುವುದು.

ದಾನಿಗಳಲ್ಲಿಯೂ ಒಂದು ಮಾತು. ಶಾಲೆಗಳಿಗೆ ನೀರಿನ ತೊಟ್ಟಿ ಕಟ್ಟಿಸುವವರು ಅನೇಕರಿದ್ದಾರೆ. ಬಾವಿಯ ಹೂಳೆತ್ತಿಸುವವರು ವಿರಳ. ಕವಾಟದ ಮೇಲೆ ನಾಮಫಲಕಕ್ಕೆ ಸ್ಥಳವಿಲ್ಲವೆಂಬುದು ನಿಜ. ಆದರೂ ಮೇ ತಿಂಗಳಲ್ಲಿ ತೊಟ್ಟಿ ಬರಿದಾದಾಗ ಮಕ್ಕಳ ಬಾಯಾರಿಕೆ ತಣಿಸುವುದು ಆ ಹೂಳೆತ್ತಿದ ಬಾವಿಯೇ.