ಹಲ್ಲಿನ ಅಳತೆಯೋ, ಮುಖದ ನಗುವೋ?

ಮಗಳು ಪ್ರಾಯಕ್ಕೆ ಬಂದಳೆಂದರೆ ಹೆತ್ತವರಿಗೆ ಅವಳ ಹಲ್ಲಿನ ಚಿಂತೆ ಶುರು. "ಸ್ವಲ್ಪ ಉಬ್ಬು ಹಲ್ಲು, ಕ್ಲಿಪ್ಪು ಹಾಕಿಸಿದರೆ ಸಂಬಂಧ ಬೇಗ ಕೂಡಿ ಬರುತ್ತದೆ" ಎಂದು ನೆಂಟರು ಹೇಳುತ್ತಾರೆ. (ಗಂಡು ಮಕ್ಕಳಿಗೆ ಈ ಮಾತು ಯಾಕೋ ಅನ್ವಯಿಸುವುದಿಲ್ಲ!) ಅಡಿಕೆ ಮಾರಿದ ಹಣದಲ್ಲಿ ಒಂದು ಪಾಲು ತೆಗೆದಿಟ್ಟು ದಂತ ವೈದ್ಯರ ಬಳಿಗೆ ಹೊರಡುವ ಮೊದಲು ಒಂದು ವಿಷಯ ತಿಳಿದಿರಲಿ. ಚಂದ ಕಾಣಲು ಮಿಲಿಮೀಟರ್ ಲೆಕ್ಕದ ಹಲ್ಲು ಬೇಕಾಗಿಲ್ಲ.

ಮುಖಕ್ಕೆ ಅಳತೆ ಹುಡುಕುವ ಕೆಲಸ ಬಹಳ ಹಳೆಯದು. ಕೂದಲಂಚಿನಿಂದ ಹುಬ್ಬಿಗೆ, ಹುಬ್ಬಿನಿಂದ ಮೂಗಿನ ಬುಡಕ್ಕೆ, ಅಲ್ಲಿಂದ ಗಲ್ಲದ ತುದಿಗೆ - ಮೂರೂ ಪಾಲು ಸಮ ಇರಬೇಕೆಂದು ಚಿತ್ರಕಾರರು ಲೆಕ್ಕ ಹಾಕಿದ್ದರು. ಹಲ್ಲು ನೇರ ಮಾಡುವ ವಿದ್ಯೆಗೆ ಅಡಿಪಾಯ ಹಾಕಿದ ಅಮೆರಿಕದ ವೈದ್ಯ ಎಡ್ವರ್ಡ್ ಆ್ಯಂಗಲ್ (1855-1930) ವ್ಯಾಟಿಕನ್ ಸಂಗ್ರಹಾಲಯದಲ್ಲಿರುವ ಅಪೊಲೋ ಶಿಲ್ಪದ ಮುಖವನ್ನು ಮಾದರಿಯೆಂದು ಹೊಗಳಿದ್ದರು. ಆ ಕಲ್ಲಿನ ಮುಖ ನಮ್ಮ ಊರಿನ ಮಕ್ಕಳಿಗೆ ಹೇಗೆ ಮಾದರಿಯಾದೀತು? ಅದು ನಗುವುದೂ ಇಲ್ಲ. ಈಗ 1.618 ಎಂಬ 'ಬಂಗಾರದ ಅನುಪಾತ'ದ ಮಾತು ಮೊಬೈಲಿನಲ್ಲಿ ಹರಿದಾಡುತ್ತದೆ. ಚಂದವೆಂದು ಎಲ್ಲರೂ ಒಪ್ಪುವ ಮುಖಗಳನ್ನು ಅಳೆದು ನೋಡಿದರೆ ಹೆಚ್ಚಿನವಕ್ಕೆ ಈ ಲೆಕ್ಕ ಕೂಡುವುದೇ ಇಲ್ಲ.

1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇಲ್ಲಿ ಉಪಯುಕ್ತ. ಡಾ. ಕೋಕಿಚ್ ಮತ್ತು ಸಂಗಡಿಗರು ನಗುವ ಬಾಯಿಯ ಚಿತ್ರಗಳಲ್ಲಿ ಬೇಕೆಂದೇ ದೋಷ ಮಾಡಿ, ದಂತ ವೈದ್ಯರಿಗೂ ಸಾಮಾನ್ಯ ಜನರಿಗೂ ತೋರಿಸಿದರು. ಮೇಲಿನ ಹಲ್ಲುಗಳ ನಡುಗೆರೆ 4 ಮಿ.ಮೀ. ಪಕ್ಕಕ್ಕೆ ಸರಿದಿದ್ದರೂ ಜನರು ಅದನ್ನು ಗಮನಿಸಲಿಲ್ಲ. ನಗುವಾಗ ವಸಡು 2 ಮಿ.ಮೀ. ಕಂಡರೆ ತಜ್ಞರಿಗೆ ಅದು ದೋಷ. ಜನರಿಗೆ ಹಾಗೆನಿಸಿದ್ದು 4 ಮಿ.ಮೀ. ಕಂಡಾಗ. ಆದರೆ ಹಲ್ಲು ಓರೆಯಾಗಿ ವಾಲಿದ್ದರೆ 2 ಮಿ.ಮೀ.ಯಷ್ಟನ್ನೂ ಎಲ್ಲರೂ ಗುರುತಿಸಿದರು. ಅಂದರೆ ವೈದ್ಯರು ಕನ್ನಡಿ ಹಿಡಿದು ತೋರಿಸುವ ಎಲ್ಲವನ್ನೂ ನೆರೆಮನೆಯವರು ನೋಡುತ್ತಿಲ್ಲ.

ಅವರು ನೋಡುವುದು ನಗುವನ್ನು. ಮನಸಾರೆ ನಕ್ಕಾಗ ತುಟಿಯೊಂದಿಗೆ ಕಣ್ಣಿನ ಸುತ್ತಲಿನ ಸ್ನಾಯುವೂ ಕುಗ್ಗುತ್ತದೆಂದು ಫ್ರಾನ್ಸಿನ ವೈದ್ಯ ದ್ಯೂಶೆನ್ 1862ರಲ್ಲೇ ಬರೆದಿದ್ದರು. ಇದನ್ನು ಯಾವ ಕ್ಲಿಪ್ಪೂ ಕೊಡಲಾರದು. ಹಾಗೆಂದು ಹಲ್ಲಿಗೆ ನಾಚಿ ಸದಾ ಬಾಯಿಗೆ ಕೈ ಅಡ್ಡ ಹಿಡಿಯುವ ಮಗುವಿಗೆ ಚಿಕಿತ್ಸೆ ಬೇಡವೆನ್ನಲಾರೆ. ಆ ಕೈ ಕೆಳಗಿಳಿದರೆ ಖರ್ಚು ಸಾರ್ಥಕ. ಆದರೆ ಅದನ್ನು ಮಗುವೇ ಬಯಸಬೇಕು, ಮದುವೆ ದಲ್ಲಾಳಿ ಅಲ್ಲ.

ಅಡಿಕೆ ಬೆಳೆಯುವ ನಮಗೆ ಕಹಿಯೆನಿಸಿದರೂ ಹೇಳಬೇಕು: ಅಡಿಕೆ, ಗುಟ್ಕಾ ಜಗಿಯುವವರ ಬಾಯಿಯ ಒಳಪದರ ಬಿಗಿದುಕೊಂಡು ಬಾಯಿ ತೆರೆಯುವುದೇ ಕಷ್ಟವಾಗಬಹುದು. ಅಲ್ಲಿಗೆ ನಗುವೂ ಹೋಯಿತು.

ಆರೋಗ್ಯದ ಕಾರಣಗಳು ಬೇರೆ. ಮೇಲಿನ ಹಲ್ಲು ಬಹಳ ಮುಂದಿದ್ದರೆ ಮಗು ಬಿದ್ದಾಗ ಅದು ಮುರಿಯುವ ಅಪಾಯ ಹೆಚ್ಚು. ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂತರೆ, ಜಗಿಯಲು ಕಷ್ಟವಾದರೆ ತಡ ಮಾಡಬಾರದು. 7 ವರ್ಷದ ಹೊತ್ತಿಗೆ ಒಮ್ಮೆ ತೋರಿಸಿದರೆ ಒಳ್ಳೆಯದು. ಹೋದಾಗ ಕೇಳಿ: ಹಲ್ಲು ಕೀಳಬೇಕೇ, ಎಷ್ಟು ತಿಂಗಳು, ಒಟ್ಟು ಖರ್ಚೆಷ್ಟು, ಕ್ಲಿಪ್ಪು ತೆಗೆದ ಮೇಲೆ ಹಲ್ಲು ಹಿಂದಕ್ಕೆ ಸರಿಯದಂತೆ ರಿಟೇನರ್ ಎಷ್ಟು ಕಾಲ ಹಾಕಬೇಕು?