ಉಪಗ್ರಹದಲ್ಲಿ ಕನ್ನಡವೇನೋ ಇದೆ, ಸ್ವಿಚ್ಚು ಯಾರ ಕೈಯಲ್ಲಿದೆ?



ರೇಡಿಯೋ ಅಂದರೆ ಅಜ್ಜನ ಕಾಲದ ಡಬ್ಬಿ ಎಂದು ನಗಬೇಡಿ. ಇಳಕಲ್ಲಿನ ಮಗ್ಗದ ಮನೆಗಳಿಗೆ ಬಂದು ನೋಡಿ. ಸೀರೆ ನೇಯುವವರ ಕೈ ಲಾಳಿಯ ಕೆಲಸದಲ್ಲಿ, ಕಾಲು ಮಗ್ಗದ ಕುಣಿಯಲ್ಲಿ, ಕಣ್ಣು ಎಳೆಯ ಮೇಲೆ. ಬಿಡುವಿರುವುದು ಕಿವಿಗೆ ಮಾತ್ರ. ನಮ್ಮ ಪ್ರೆಸ್ಸಿನ ಕೆಲಸವೂ ಅಷ್ಟೇ. ಟಿ.ವಿ. ನೋಡುತ್ತ ಮಷೀನಿಗೆ ಕಾಗದ ಕೊಟ್ಟರೆ ಬೆರಳು ಉಳಿಯುವುದಿಲ್ಲ! ದಿನವಿಡೀ ದುಡಿಯುವವನ ಕಿವಿಗೆ ಯಾವ ಭಾಷೆ ಬೀಳುತ್ತದೆ ಅನ್ನುವುದು ಸಣ್ಣ ಮಾತೇ? ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬೆಂಗಳೂರಿನ ಬಸ್ಸಿನಲ್ಲಿ ಎರಡು ತಾಸು ಕಳೆಯುವ ನಿಮಗೂ ಇದೇ ಪ್ರಶ್ನೆ.

ಇಂದು ಹಾಡು, ಮಾತು ಕೇಳಿಸುವ ಸೇವೆಗಳಿಗೆ ಬರವಿಲ್ಲ. ಡಿಟಿಎಚ್ ಡಬ್ಬಿಯಲ್ಲಿ ರೇಡಿಯೋ, ಫೋನಿನಲ್ಲಿ ಹತ್ತಾರು ಆ್ಯಪ್. ಯಾವುದು ಒಳ್ಳೆಯದು ಎಂದು ವಿಚಾರಿಸುವವರು ಎರಡೇ ಮಾತು ಕೇಳುತ್ತಾರೆ: ಎಷ್ಟು ಚಾನೆಲ್, ಎಷ್ಟು ರೂಪಾಯಿ? ಮೂರನೆಯ ಮಾತೊಂದಿದೆ. ಅದನ್ನು ಕೇಳದೆ ಹೋದದ್ದಕ್ಕೆ ಕನ್ನಡಿಗರು ಒಮ್ಮೆ ಬೆಲೆ ತೆತ್ತಿದ್ದಾರೆ.

ವರ್ಲ್ಡ್‌ಸ್ಪೇಸ್ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅಮೆರಿಕದ ಮೇರಿಲ್ಯಾಂಡಿನ ಕಂಪನಿ. 2000ದ ಮಾರ್ಚಿನಲ್ಲಿ ‘ಏಷ್ಯಾಸ್ಟಾರ್’ ಎಂಬ ಉಪಗ್ರಹವನ್ನು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರಕ್ಕೆ ಹಾರಿಸಿತು. ಅದರದೇ ರಿಸೀವರ್ ಕೊಂಡು, ಪುಟ್ಟ ಅಂಟೆನಾವನ್ನು ಕಿಟಕಿಯಲ್ಲಿ ಆಗ್ನೇಯದ ಕಡೆ ತಿರುಗಿಸಿಟ್ಟು, ಚಂದಾ ಕಟ್ಟಿದರೆ ಆಯಿತು. ಕನ್ನಡಕ್ಕೆ ‘ಸ್ಪರ್ಶ’, ಕರ್ನಾಟಕ ಸಂಗೀತಕ್ಕೆ ‘ಶ್ರುತಿ’, ಹಿಂದುಸ್ತಾನಿಗೆ ‘ಗಂಧರ್ವ’. ಗರಗರ ಸದ್ದಿಲ್ಲ, ಸಾಬೂನಿನ ಜಾಹೀರಾತಿಲ್ಲ. ಮಲ್ಲಿಕಾರ್ಜುನ ಮನ್ಸೂರರ, ಭೀಮಸೇನ ಜೋಶಿಯವರ ನಾಡಿನವರಿಗೆ ಅದು ಹಬ್ಬವೇ. ಎ.ಆರ್. ರೆಹಮಾನ್ ಅದರ ಪ್ರಚಾರಕ್ಕೆ ನಿಂತರು. ಸೇವೆ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯುವುದು ಅನ್ಯಾಯ. ಉಪಗ್ರಹಕ್ಕೆ ಕರ್ನಾಟಕದ ಗಡಿಯೂ ಗೊತ್ತಿಲ್ಲ, ಮಹಾರಾಷ್ಟ್ರದ ಗಡಿಯೂ ಗೊತ್ತಿಲ್ಲ. ಜತ್ತ, ಅಕ್ಕಲಕೋಟೆ, ಕಾಸರಗೋಡಿನ ಕನ್ನಡಿಗನ ಅಂಗಳಕ್ಕೂ ಬೆಂಗಳೂರಿನಷ್ಟೇ ಸ್ವಚ್ಛವಾಗಿ ಕನ್ನಡ ಇಳಿಯಬಹುದು ಎಂದು ತೋರಿಸಿಕೊಟ್ಟದ್ದು ಈ ತಂತ್ರವೇ.

ಮುಂದೇನಾಯಿತು? 2008ರ ಅಕ್ಟೋಬರಿನಲ್ಲಿ ಕಂಪನಿ ಅಮೆರಿಕದ ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಚಂದಾದಾರರಲ್ಲಿ ಬಹುಪಾಲು ಭಾರತದವರೇ. ಆದರೆ ಕಂಪನಿಯ ಆಸ್ತಿ ಕೊಳ್ಳಲು ಬಂದವರಿಗೆ ಭಾರತದ ಚಂದಾದಾರರು ಬೇಡವಾದರು. 2009ರ ಡಿಸೆಂಬರ್ 31ಕ್ಕೆ ಇಲ್ಲಿನ ಸೇವೆ ಬಂದ್! ‘ಸ್ಪರ್ಶ’ವೂ ಬಂದ್. ಕೇಳುಗರು ಕಡಿಮೆಯಾದರು ಎಂದು ಕನ್ನಡ ನಿಲ್ಲಲಿಲ್ಲ. ಸಾವಿರಾರು ಮೈಲಿಯಾಚೆ ಯಾರದೋ ಲೆಕ್ಕ ತಪ್ಪಿತು, ಇಲ್ಲಿ ನಮ್ಮ ನುಡಿಯ ಬಾಯಿ ಮುಚ್ಚಿತು. ಕೈಯಲ್ಲಿ ಉಳಿದ ರಿಸೀವರ್ ಬೇರೆ ಯಾವ ಉಪಗ್ರಹದ ಸೇವೆಯನ್ನೂ ಹಿಡಿಯುವಂಥದಲ್ಲ.

ಇದು ಅಚ್ಚಿನ ಕೆಲಸದವರಿಗೆ ಬೇಗ ಅರ್ಥವಾಗುತ್ತದೆ. ಯುನಿಕೋಡ್ ಬಳಕೆಗೆ ಬರುವ ಮುಂಚೆ ಶ್ರೀಲಿಪಿಯಲ್ಲಿ ಹೊಡೆದ ಮ್ಯಾಟರನ್ನು ನುಡಿಯಲ್ಲಿ ತೆರೆದರೆ ಬರೀ ಹುಳುಹುಪ್ಪಡಿ. ಮದುವೆ ಕಾರ್ಡು ತುರ್ತು ಬೇಕು ಎಂದು ಹುನಗುಂದದಿಂದ ಫ್ಲಾಪಿ ಹಿಡಿದು ಬಂದವರನ್ನು ಕೂಡ್ರಿಸಿ ಮತ್ತೆ ಮೊದಲಿಂದ ಕಂಪೋಸ್ ಮಾಡಬೇಕು. ಅಕ್ಷರ ನಮ್ಮದು, ಬೀಗದ ಕೈ ಅವರದು. ರಿಸೀವರಿನ ಕಥೆಯೂ ಇದೇ.

ಆ ಕಾಲದಲ್ಲೇ ಇನ್ನೊಂದು ದಾರಿ ಇತ್ತು, ಇಂದಿಗೂ ಇದೆ. 2004ರ ಡಿಸೆಂಬರಿನಲ್ಲಿ ದೂರದರ್ಶನ ‘ಡಿಡಿ ಡೈರೆಕ್ಟ್ ಪ್ಲಸ್’ ಶುರು ಮಾಡಿತು. ಈಗ ಅದು ‘ಡಿಡಿ ಫ್ರೀ ಡಿಶ್’. ಡಬ್ಬಿ, ಬುಟ್ಟಿಗೆ ಒಮ್ಮೆ ದುಡ್ಡು ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ. ಅದರಲ್ಲಿ ಆಕಾಶವಾಣಿಯ ಕನ್ನಡ ವಾಹಿನಿಯೂ ಸಿಗುತ್ತದೆ. 2016ರ ಜನವರಿ 26ರಂದು ಶಾಸ್ತ್ರೀಯ ಸಂಗೀತಕ್ಕೆಂದೇ ಆಕಾಶವಾಣಿ ‘ರಾಗಂ’ ಆರಂಭಿಸಿತು, ಅದೂ ನಮ್ಮ ಬೆಂಗಳೂರಿನಿಂದ. ಟಿ.ವಿ. ಹಚ್ಚಿಟ್ಟು ರೇಡಿಯೋ ಕೇಳುವುದು ದಂಡ ಅನ್ನುತ್ತೀರಾ? ಡಬ್ಬಿಯ ಹಿಂದಿನ ಕೆಂಪು, ಬಿಳಿ ಪಿನ್ನಿನ ವಯರನ್ನು ಸ್ಪೀಕರಿಗೆ ಸಿಕ್ಕಿಸಿ, ಚಾನೆಲ್ ಹಾಕಿ, ಟಿ.ವಿ. ಆರಿಸಿಬಿಡಿ. ಡಬ್ಬಿಯೊಂದೇ ಹಾಡುತ್ತದೆ.

ಆಕಾಶವಾಣಿ ಬೇಸರ, ಸರ್ಕಾರಿ ಧಾಟಿ ಅನ್ನುವ ದೂರು ಸುಳ್ಳಲ್ಲ. ಕಿಸಾನ್ ಕಾರ್ಯಕ್ರಮದ ಸಂಭಾಷಣೆ ಕೇಳುತ್ತ ಎತ್ತುಗಳೂ ಮಲಗಿಯಾವು! ಆದರೆ ಒಂದು ವ್ಯತ್ಯಾಸವಿದೆ. ಪ್ರಸಾರ ಭಾರತಿ ನಮ್ಮ ತೆರಿಗೆಯಲ್ಲಿ ನಡೆಯುವ ಸಂಸ್ಥೆ. ಅಲ್ಲಿ ಕನ್ನಡ ಕಡಿಮೆಯಾದರೆ ಸಂಸತ್ ಸದಸ್ಯನ ಕೊರಳಪಟ್ಟಿ ಹಿಡಿದು ಕೇಳಬಹುದು, ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ನಿಲಯದ ಮುಂದೆ ಬಾವುಟ ಹಿಡಿದು ಕೂಡಬಹುದು. ಮೇರಿಲ್ಯಾಂಡಿನ ಕಚೇರಿಯ ಮುಂದೆ ಹೋಗಿ ಕೂಡ್ರುವವರು ಯಾರು?

ಖಾಸಗಿಯವರ ಪೈಪೋಟಿ ನಮ್ಮನ್ನು ಕಾಯುತ್ತದೆ ಎಂದು ನಂಬಿ ಕೂಡಬೇಡಿ. ಅಮೆರಿಕದಲ್ಲೇ ಎಕ್ಸ್‌ಎಂ, ಸಿರಿಯಸ್ ಎಂಬ ಎರಡು ಉಪಗ್ರಹ ರೇಡಿಯೋ ಕಂಪನಿಗಳು ಹಾವು ಮುಂಗುಸಿಯಂತೆ ಕಚ್ಚಾಡಿ, 2008ರಲ್ಲಿ ಒಂದಾಗಿಬಿಟ್ಟವು. ಆರಿಸಿಕೊಳ್ಳುವವನ ಮುಂದೆ ಒಂದೇ ಅಂಗಡಿ ಉಳಿಯಿತು.

ಹಾಗಾದರೆ ಚಂದಾ ಕೊಟ್ಟು ಕೇಳುವುದೇ ಬೇಡವೇ? ನಾನು ಹಾಗೆ ಹೇಳುವುದಿಲ್ಲ. ದುಡ್ಡು ನಿಮ್ಮದು, ಕಿವಿ ನಿಮ್ಮದು. ಆದರೆ ವರ್ಷದ ಚಂದಾ ಒಮ್ಮೆಲೇ ಕಟ್ಟಬೇಡಿ, ತಿಂಗಳ ಲೆಕ್ಕದಲ್ಲಿ ಕಟ್ಟಿ. ಒಂದೇ ಕಂಪನಿಗೆ ಮಾತ್ರ ಒಗ್ಗುವ ಯಂತ್ರ ಕೊಳ್ಳಬೇಡಿ. ಕನ್ನಡಕ್ಕೆ ಪೂರ್ತಿ ವಾಹಿನಿ ಇದೆಯೋ, ‘ಪ್ರಾದೇಶಿಕ’ ಅನ್ನುವ ಗಂಟಿನಲ್ಲಿ ಐದನೆಯದಾಗಿ ಕಟ್ಟಿಹಾಕಿದ್ದಾರೋ ನೋಡಿ. ಮಾತಾಡುವವರು ಕನ್ನಡದಲ್ಲಿ ಮಾತಾಡುತ್ತಾರೋ, ಕನ್ನಡ ಹಾಡಿನ ನಡುವೆ ಇಂಗ್ಲಿಷಿನಲ್ಲಿ ಕಿರುಚುತ್ತಾರೋ ಅದನ್ನೂ ಗಮನಿಸಿ.

ಈ ವಾರ ಒಂದು ಕೆಲಸ ಮಾಡಿ. ಮನೆಯ ಡಬ್ಬಿಯಲ್ಲೋ ಫೋನಿನ ‘ನ್ಯೂಸ್ ಆನ್ ಏರ್’ ಆ್ಯಪಿನಲ್ಲೋ ಆಕಾಶವಾಣಿಯ ಕನ್ನಡ ಹುಡುಕಿ, ಏಳು ದಿನ ಕೇಳಿ. 1950ರಿಂದ ಮಾತಾಡುತ್ತ ಬಂದ ಧಾರವಾಡ ನಿಲಯದ ಕನ್ನಡ, ಕಲಬುರಗಿಯ ಕನ್ನಡ, ಮಂಗಳೂರಿನ ಕನ್ನಡ ಅದರಲ್ಲಿ ಎಷ್ಟು ಹೊತ್ತು ಬರುತ್ತದೆ, ಬೇರೆ ಭಾಷೆ ಎಷ್ಟು ಹೊತ್ತು ನುಗ್ಗುತ್ತದೆ, ಪಟ್ಟಿ ಮಾಡಿ. ತಾರೀಖು, ವೇಳೆ, ಕಾರ್ಯಕ್ರಮದ ಹೆಸರು ಬಿಡದೆ ಬರೆದಿಟ್ಟುಕೊಳ್ಳಿ. ನಿಲಯದ ನಿರ್ದೇಶಕರಿಗೆ ದೂರು ಬರೆಯುವಾಗ ಮೂರೂ ಬೇಕಾಗುತ್ತವೆ.